ಕಾರಿಗೊಂದು ಫೋನ್ ನಂಬರ್

ಫೋನ್ ನಂಬರ್ ಯಾರದ್ದು ಅಂತ ಈಗ ಕೇಳಿದ್ರೆ ಎಲ್ರೂ ನಂದು ಅಂತಾರೆ. ನಾವು ಚಿಕ್ಕೋರಿದ್ದಾಗ ಹಂಗಿರ್ಲಿಲ್ಲ, ನಂಬರ್ ಅನ್ನೋದು ಮನೇದು, ಇಲ್ಲಾಂದ್ರೆ ಅಂಗಡೀದು. ಹಾಲ್‌ನಲ್ಲಿ ಒಂದು ಸ್ಟೂಲು, ಅದರ ಮೇಲೆ ದೂರವಾಣಿನಗರದ ಐಟಿಐ ಕಾರ್ಖಾನೇಲಿ ಮಾಡಿದ ಕಪ್ಪು ಫೋನು, ಕಂಬದಿಂದ ಕಿಟಕಿ ಸಂದೀಲಿ ಒಳಗೆ ಬಂದ ಒಂದು ವೈರು, ಆ ವೈರಿಗೆ ಒಂದು ನಂಬರು, ಅಷ್ಟೇ. ಬೀದೀಲಿ ಒಬ್ಬರ ಮನೇಲಿ ಫೋನ್ ಇದ್ರೆ ಅಕ್ಕಪಕ್ಕದ ನಾಕಾರು ಮನೆಯವ್ರ ವಿಸಿಟಿಂಗ್ ಕಾರ್ಡಲ್ಲೂ ಅದೇ ನಂಬರು, ಪಕ್ಕದಲ್ಲಿ ಪಿ.ಪಿ. ಅಂತ ಪ್ರಿಂಟ್ ಆಗಿರ್ತಿತ್ತು. ಫೋನ್ ಬಂದ್ರೆ ಕಾಂಪೌಂಡ್ ಹತ್ರ ನಿಂತು "ರೀ ಲಕ್ಷ್ಮಮ್ನೋರೇ, ನಿಮಗೆ ಫೋನು" ಅಂತ ಕೂಗೋರು. ಕನೆಕ್ಷನ್ ಬೇಕು ಅಂದ್ರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯೋ ಕಾಲ ಅದು.

ಆ ಗೋಡೆಯಿಂದ ನಂಬರ್ ಸೀದಾ ನಮ್ಮ ಜೇಬಿಗೆ ಬಂತು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ನಡುವೆ ಒಂದು ಸ್ಟಾಪ್ ಇತ್ತು, ಅದು ಕಾರು. ಕಾರಿನ ಫೋನ್ ಬಗ್ಗೆ ಕನ್ನಡದಲ್ಲಿ ಯಾರೂ ಹೆಚ್ಚು ಬರೆದಿದ್ದು ನಾನು ನೋಡಿಲ್ಲ, ಅದಕ್ಕೇ ಬರೀತಿದ್ದೀನಿ, ಯಾಕಂದ್ರೆ ಅದನ್ನ ಕೈಯಾರೆ ಬಿಚ್ಚಿ ನೋಡೋ ಭಾಗ್ಯ ನನಗೆ ಸಿಕ್ಕಿತ್ತು.

ತೊಂಬತ್ತರ ದಶಕದ ಎರಡನೇ ಅರ್ಧದಲ್ಲಿ ನಾನು ಬೆಂಗಳೂರಿನ ಜೆ.ಸಿ. ರೋಡಲ್ಲಿ ಒಂದು ಕಾರ್ ಆಕ್ಸೆಸರೀಸ್ ಅಂಗಡೀಲಿ ಕೆಲಸಕ್ಕಿದ್ದೆ. ಟೌನ್ ಹಾಲ್ ಕಡೆಯಿಂದ ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ಸರ್ಕಲ್ ಕಡೆಗೆ ಬಂದ್ರೆ ಎರಡೂ ಪಕ್ಕ ಬರೀ ಗಾಡಿ ಸಾಮಾನಿನ ಅಂಗಡಿಗಳು, ಫುಟ್‌ಪಾತ್ ಪಕ್ಕಾನೇ ಕಾರು ನಿಲ್ಸಿ ಬಾನೆಟ್ ಎತ್ತಿ ಕೆಲಸ. ನಂದು ವೈರಿಂಗ್ ಕೆಲಸ, ಸ್ಟೀರಿಯೋ ಕೂರ್ಸೋದು, ಸ್ಪೀಕರ್‌ಗೆ ಡೋರ್ ಪ್ಯಾನಲ್ ಕೊರೆಯೋದು, ಸೆಂಟ್ರಲ್ ಲಾಕ್, ರಿವರ್ಸ್ ಹಾರ್ನ್. ಆಮೇಲೆ ಮೊಬೈಲ್ ಬಂತು ನೋಡಿ.

ದೇಶದಲ್ಲಿ ಮೊದಲ ಮೊಬೈಲ್ ಕರೆ ಆಗಿದ್ದು 1995ರ ಜುಲೈ 31ಕ್ಕೆ, ಕಲ್ಕತ್ತಾದಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲೀಲಿದ್ದ ಟೆಲಿಕಾಂ ಮಂತ್ರಿ ಸುಖರಾಮ್ ಅವರಿಗೆ ಮಾಡಿದ್ದು. ಮೊದಲು ನಾಕು ಮಹಾನಗರ, ಕರ್ನಾಟಕಕ್ಕೆ ಅದು ಬಂದಿದ್ದು ಅದಾದ ಮೇಲೆ. ನಮ್ಮಲ್ಲಿ ಎರಡೇ ಕಂಪನಿ, ಜೆ.ಟಿ. ಮೊಬೈಲ್ಸ್ ಒಂದು, ಸ್ಪೈಸ್ ಇನ್ನೊಂದು. 98450 ಅಂತ ಶುರುವಾದ್ರೆ ಜೆ.ಟಿ., 98440 ಅಂದ್ರೆ ಸ್ಪೈಸ್. ಜೆ.ಟಿ.ಯನ್ನ ಆಮೇಲೆ ಭಾರ್ತಿಯವರು ತಗೊಂಡು ಏರ್‌ಟೆಲ್ ಆಯ್ತು. ಈಗ್ಲೂ ಯಾರಾದ್ರೂ 98450 ನಂಬರ್ ಹೇಳಿದ್ರೆ ಹಳೇ ಬೆಂಗಳೂರಿನ ಗಿರಾಕಿ ಅಂತ ನನಗೆ ಒಳಗೊಳಗೇ ಗೌರವ ಬರುತ್ತೆ. ಆಗ ಮಾತಾಡೋಕೆ ನಿಮಿಷಕ್ಕೆ 16 ರೂಪಾಯಿವರೆಗೂ ಬೀಳ್ತಿತ್ತು, ಬಂದ ಕರೆ ಎತ್ತಿದ್ರೂ ದುಡ್ಡು, ಹಂಗಾಗಿ ಫೋನ್ ಇಟ್ಕೊಂಡೋರೆಲ್ಲ ಬಿಲ್ಡರ್‌ಗಳು, ಗ್ರಾನೈಟ್‌ನೋರು, ಚಿಕ್ಕಪೇಟೆ ಸಾವ್ಕಾರ್ರು, ಡಾಕ್ಟ್ರು. ಅವರೆಲ್ಲರ ಹತ್ರ ಕಾರೂ ಇತ್ತು, ಹಂಗೆ ನಮ್ಮ ಅಂಗಡಿಗೆ ಕಾರ್ ಕಿಟ್ ಅನ್ನೋ ಹೊಸ ಕೆಲಸ ಬಂತು.

ಕಾರ್ ಕಿಟ್ ಅಂದ್ರೆ ಈಗಿನ ಬ್ಲೂಟೂತ್ ಅಲ್ಲ. ಡ್ಯಾಶ್‌ಬೋರ್ಡಿಗೆ ಸ್ಕ್ರೂ ಹಾಕಿ ಒಂದು ಹೋಲ್ಡರ್, ಸೀಟ್ ಕೆಳಗೆ ಒಂದು ಕಪ್ಪು ಡಬ್ಬ, ಬಿಸಿಲು ತಡೆಯೋ ಪಟ್ಟಿಗೆ ಸಿಗಿಸೋ ಮೈಕು, ಕಾಲ ಹತ್ರ ಒಂದು ಸ್ಪೀಕರ್, ಹೊರಗಡೆ ಆಂಟೆನಾ. ಪವರ್‌ಗೆ ಮೂರು ವೈರು: ಕೆಂಪು ಬ್ಯಾಟರಿಗೆ, ಕಪ್ಪು ಬಾಡಿಗೆ, ಮೂರನೇದು ಇಗ್ನಿಷನ್‌ಗೆ, ಕೀ ತಿರುಗಿಸಿದಾಗ ಮಾತ್ರ ಕಿಟ್ ಎದ್ದೇಳ್ಲಿ ಅಂತ. ಆ ಮೂರನೇ ವೈರನ್ನ ನೇರ ಬ್ಯಾಟರಿಗೆ ಕೊಟ್ಟುಬಿಟ್ರೆ ರಾತ್ರಿಯೆಲ್ಲಾ ಕರೆಂಟ್ ಎಳೆದು ಬೆಳಿಗ್ಗೆ ಗಾಡಿ ತಳ್ಳಬೇಕಾಗುತ್ತೆ, ಅದಕ್ಕೇ ನಾನು ಮೀಟರ್ ಇಟ್ಟು ನೋಡದೆ ಒಂದು ವೈರೂ ಜೋಡಿಸ್ತಿರ್ಲಿಲ್ಲ. ಇನ್ನು ಆಂಟೆನಾ. ಎಸ್ಟೀಮ್ ಆಗ್ಲಿ ಸಿಯೆಲೋ ಆಗ್ಲಿ, ಹೊಸ ಗಾಡಿ ತಂದು ರೂಫ್‌ಗೆ ತೂತು ಹೊಡಿ ಅಂತ ಯಾವ ಓನರೂ ಹೇಳಲ್ಲ. ಅದಕ್ಕೆ ಗಾಜಿಗೆ ಅಂಟಿಸೋ ಆಂಟೆನಾ ಬರ್ತಿತ್ತು, ಒಳಗೊಂದು ಬಿಲ್ಲೆ, ಅದೇ ಜಾಗಕ್ಕೆ ಸರಿಯಾಗಿ ಹೊರಗೊಂದು ಬಿಲ್ಲೆ, ನಡುವೆ ಗಾಜು, ತೂತೇ ಇಲ್ಲದೆ ಸಿಗ್ನಲ್ ಗಾಜು ದಾಟುತ್ತೆ. ಗಾಜಿಗೆ ಲೋಹ ಬೆರೆತ ಫಿಲ್ಮ್ ಹಾಕಿಸಿದ್ರೆ ಮಾತ್ರ ಆಟ ನಡೆಯಲ್ಲ, ಆ ಜಾಗದಲ್ಲಿ ಫಿಲ್ಮ್ ಕೆರೆದು ತೆಗೆದು ಅಂಟಿಸಬೇಕು.

ಅಂಥಾ ಒಂದು ದಿನ ಒಬ್ಬರು ಸಾರ್ ಬಂದ್ರು. ಹೆಸರು ಬೇಡ. ಜಯನಗರದ ಕಡೆಯವ್ರು, ಸಿವಿಲ್ ಇಂಜಿನಿಯರು, ಶಿಕಾಗೋದಲ್ಲಿ ಸುಮಾರು ವರ್ಷ ಇದ್ದು ವಯಸ್ಸಾದ ತಾಯಿಗೋಸ್ಕರ ವಾಪಸ್ ಬಂದವ್ರು. ಡಿಕ್ಕಿಯಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ ಕೌಂಟರ್ ಮೇಲೆ ಇಟ್ರು. ಒಳಗೆ ದಪ್ಪ ಅಲ್ಯೂಮಿನಿಯಂ ಡಬ್ಬ, ಬಿಸಿ ಹೊರಗೆ ಹೋಗೋಕೆ ಸಾಲು ಸಾಲು ಗೀರು, ಹೆಬ್ಬೆರಳಿನಷ್ಟು ದಪ್ಪದ ಕೇಬಲ್ಲು, ಮನೆ ಫೋನಿನ ರಿಸೀವರ್ ಥರದ್ದೇ ಒಂದು ಹ್ಯಾಂಡ್‌ಸೆಟ್ಟು, ಸುರುಳಿ ಸುತ್ತಿದ ಪುಟ್ಟ ಆಂಟೆನಾ.

"ನೋಡಪ್ಪ, ಇದು ಅಲ್ಲಿ ನನ್ನ ಕಾರಲ್ಲಿದ್ದ ಫೋನು. ಕಾರ್ ಮಾರಿದೆ, ಇದನ್ನ ಬಿಡೋಕೆ ಮನಸಾಗ್ಲಿಲ್ಲ. ಇಲ್ಲಿ ಗಾಡಿಗೆ ಹಾಕಿ ಒಂದು ನಂಬರ್ ಆ್ಯಕ್ಟಿವೇಟ್ ಮಾಡಿಸ್ಕೊಡೋಕಾಗುತ್ತಾ?"

ಒಂದು ವಾರ ಬಿಡಿ ಸಾರ್, ಕೇಳಿ ನೋಡ್ತೀನಿ ಅಂದೆ. ನಮ್ಮ ಸೋದರಮಾವ ಐಟಿಐಲಿ ಇದ್ದು ರಿಟೈರ್ ಆದವ್ರು, ಅವರ ಹತ್ರ ತಗೊಂಡ್ಹೋದೆ. ಮಾವ ಕನ್ನಡಕ ಹಾಕ್ಕೊಂಡು ಪೆಟ್ಟಿಗೆ ತಿರುಗಿಸಿ ತಿರುಗಿಸಿ ನೋಡಿದ್ರು. "ಲೋ, ಇದು ಫೋನ್ ಅಲ್ಲ ಕಣೋ, ಇದು ಒಂದು ರೇಡಿಯೋ ಸ್ಟೇಷನ್ನು" ಅಂದ್ರು. ಮುಂದೆ ಬರೀತಿರೋದ್ರಲ್ಲಿ ಸ್ವಲ್ಪ ಮಾವ ಹೇಳಿಕೊಟ್ಟಿದ್ದು, ಇನ್ನು ಸ್ವಲ್ಪ ಆ ಸಾರ್ ಹೇಳಿದ್ದು, ಮಿಕ್ಕಿದ್ದು ಆಮೇಲೆ ವರ್ಷಗಟ್ಟಲೆ ನಾನೇ ಹುಡುಕಿ ಹುಡುಕಿ ಓದ್ಕೊಂಡಿದ್ದು.

ಫೋನ್ ಮೊದಲು ಕಾರಿಗೇ ಯಾಕೆ ಬಂತು ಅಂದ್ರೆ ಅದನ್ನ ಹೊರೋ ಶಕ್ತಿ ಕಾರಿಗೆ ಮಾತ್ರ ಇತ್ತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1946ರಲ್ಲೇ ಬೆಲ್ ಕಂಪನಿಯವ್ರು ಕಾರ್ ಫೋನ್ ಶುರು ಮಾಡಿದ್ರು, ಆದ್ರೆ ಆ ಸಾಮಾನಿನ ತೂಕವೇ 36 ಕೆಜಿ, ಕರೆ ಜೋಡಿಸೋಕೆ ಆಪರೇಟರ್ ಬೇಕು, ಇಡೀ ಊರಿಗೆ ಸೇರಿ ಮೊದಲಿಗೆ ಮೂರೇ ಚಾನೆಲ್ಲು. ಮೂರು ಜನ ಮಾತಾಡ್ತಿದ್ರೆ ನಾಲ್ಕನೆಯವನು ಕಾಯಬೇಕು. ಊರನ್ನ ಸಣ್ಣ ಸಣ್ಣ ಸೆಲ್‌ಗಳಾಗಿ ಹಂಚಿ, ಒಂದು ಸೆಲ್‌ನಲ್ಲಿ ಬಳಸಿದ ಚಾನೆಲ್ಲನ್ನೇ ಸ್ವಲ್ಪ ದೂರದ ಇನ್ನೊಂದು ಸೆಲ್‌ನಲ್ಲಿ ಮತ್ತೆ ಬಳಸೋ ಯೋಚನೆ ಬೆಲ್ ಲ್ಯಾಬ್ಸ್‌ನಲ್ಲಿ 1947ರಲ್ಲೇ ಬರೆದಿಟ್ಟಿದ್ರು, ಅದು ಕೈಗೂಡೋಕೆ ಮೂವತ್ತು ವರ್ಷದ ಮೇಲೆ ಹಿಡೀತು. ಟೋಕಿಯೋದಲ್ಲಿ 1979ರಲ್ಲಿ, ಅಮೆರಿಕದಲ್ಲಿ ಇದೇ ಶಿಕಾಗೋದಲ್ಲಿ 1983ರ ಅಕ್ಟೋಬರ್ 13ಕ್ಕೆ. ಕೈಯಲ್ಲಿ ಹಿಡಿಯೋ ಮೊಟೊರೊಲ ಡೈನಾಟ್ಯಾಕ್ ಅದೇ ವರ್ಷ ಒಪ್ಪಿಗೆ ಪಡೆದಿತ್ತು, ಬೆಲೆ 3,995 ಡಾಲರ್. ಆದ್ರೂ ಜನ ಕಾರಲ್ಲೇ ಹಾಕಿಸ್ಕೊಂಡ್ರು, ಅದಕ್ಕೆ ಕಾರಣ ಇದೆ. ಕೈಫೋನಿಗೆ 0.6 ವಾಟ್ ಮಾತ್ರ, ಕಾರಿಂದಕ್ಕೆ 3 ವಾಟ್, ಅಂದ್ರೆ ಐದು ಪಟ್ಟು. ಟವರ್‌ಗಳು ದೂರ ದೂರ ಇದ್ದ ಕಾಲದಲ್ಲಿ ಆ ವ್ಯತ್ಯಾಸಾನೇ ಮಾತು ಕೇಳಿಸುತ್ತಾ ಇಲ್ವಾ ಅನ್ನೋದನ್ನ ತೀರ್ಮಾನ ಮಾಡ್ತಿತ್ತು, ಜೊತೆಗೆ ಹೊರಗಡೆ ಆಂಟೆನಾ, ಬ್ಯಾಟರಿ ಖಾಲಿ ಆಗೋ ಚಿಂತೆ ಇಲ್ಲ.

ಇನ್ನು ಆ್ಯಕ್ಟಿವೇಶನ್. ಸಾರ್ ಇದನ್ನ ಹೇಳೋವಾಗ ನಾನು ಕೆಲಸ ಬಿಟ್ಟು ಬಾಯಿ ಬಿಟ್ಕೊಂಡು ಕೇಳ್ತಿದ್ದೆ.

ಅಲ್ಲಿ ಊರಿಗೆ ಎರಡು ಕಂಪನಿ, ಎ ಸೈಡ್, ಬಿ ಸೈಡ್ ಅಂತ. ಬಿ ಅಂದ್ರೆ ಊರಿನ ಹಳೇ ಲ್ಯಾಂಡ್‌ಲೈನ್ ಕಂಪನಿಯದ್ದು, ಎ ಅಂದ್ರೆ ಹೊಸಬರು. ಡೀಲರ್ ಅಂಗಡಿಗೆ ಹೋಗಿ ಯಾವ ಸೈಡ್ ಬೇಕು ಅಂತ ಹೇಳಿ ಕಾಗದಕ್ಕೆಲ್ಲ ಸಹಿ ಹಾಕಬೇಕು. ಡಬ್ಬದ ಮೇಲೆ ಒಂದು ಸೀರಿಯಲ್ ನಂಬರ್ ಇರುತ್ತೆ, ಇಎಸ್ಎನ್ ಅಂತಾರೆ, ಫ್ಯಾಕ್ಟ್ರೀಲೇ ಒಳಗೆ ಕೂರಿಸಿರೋದು. ಡೀಲರ್ ಅದನ್ನ ಫೋನಲ್ಲಿ ಕಂಪನಿಗೆ ಓದಿ ಹೇಳ್ತಾನೆ, ಕಂಪನಿ ಒಂದು ಫೋನ್ ನಂಬರ್ ಕೊಡುತ್ತೆ. ಆಮೇಲೆ ಡೀಲರ್ ಒಂದು ಖಾಲಿ ಚಿಪ್ ತಗೊಂಡು ಮೆಷೀನಲ್ಲಿಟ್ಟು ಆ ನಂಬರನ್ನ ಚಿಪ್‌ಗೆ ಸುಡ್ತಾನೆ. ಸುಡೋದು ಅಂದ್ರೆ ನಿಜವಾಗ್ಲೂ ಸುಡೋದೇ. ಒಳಗೆ ಕೂದಲಿಗಿಂತ ಸಣ್ಣ ಫ್ಯೂಸ್‌ಗಳು ಇರ್ತವೆ, ಎಲ್ಲಿ ಬೇಕೋ ಅಲ್ಲಿ ಜಾಸ್ತಿ ಕರೆಂಟ್ ಕೊಟ್ಟು ಹಾರಿಸೋದು. ಹಾರಿದ ಫ್ಯೂಸ್ ಮತ್ತೆ ಕೂಡಲ್ಲ. ನಂಬರ್ ಬದಲಾಯಿಸಬೇಕಾ, ಹೊಸ ಚಿಪ್ಪು.

ಆ ಚಿಪ್ ನಾನು ನೋಡಿದೆ. ಮಾವನ ಮನೆ ಜಗುಲಿ ಮೇಲೆ ನ್ಯೂಸ್ ಪೇಪರ್ ಹಾಸಿ ಡಬ್ಬ ಬಿಚ್ಚಿದ್ವಿ, ಸಾಕೆಟ್‌ನಲ್ಲಿ ಕೂತಿತ್ತು, ಹದಿನಾರು ಕಾಲಿನ ಒಂದು ಪುಟಾಣಿ ಐಸಿ. ನ್ಯಾಮ್ ಅಂತ ಕರೀತಾರೆ. ಒಟ್ಟು ಜಾಗ 32 ಬೈಟ್ ಅಷ್ಟೇ, ಈಗಿನ ಒಂದು ವಾಟ್ಸಾಪ್ ಗುಡ್ ಮಾರ್ನಿಂಗ್ ಫೋಟೋದ ಮುಂದೆ ಅದು ಏನೂ ಅಲ್ಲ. ಅದರೊಳಗೆ ಫೋನ್ ನಂಬರ್, ಯಾವ ಊರಿನ ಯಾವ ಕಂಪನಿ ಅನ್ನೋ ಗುರುತು, ಲಾಕ್ ಕೋಡ್, ಮತ್ತೆ ಆನ್ ಆದ ತಕ್ಷಣ ಎಲ್ಲಿಂದ ಕೇಳಿಸ್ಕೊಳ್ಳೋಕೆ ಶುರು ಮಾಡಬೇಕು ಅನ್ನೋ ಚಾನೆಲ್, ಎ ಸೈಡ್ ಆದ್ರೆ 333, ಬಿ ಸೈಡ್ ಆದ್ರೆ 334. ಒಂದು ಸಂಸಾರದ ಗುರುತೆಲ್ಲ ಆ 32 ಬೈಟ್‌ನಲ್ಲಿ ಹಿಡಿಸಿದ್ದಾರಲ್ಲ, ಅದನ್ನ ಮಾಡಿದ ಇಂಜಿನಿಯರ್‌ಗಳ ಮೇಲೆ ನನಗೆ ಅವತ್ತು ಹುಟ್ಟಿದ ಭಕ್ತಿ ಇವತ್ತಿಗೂ ಹೋಗಿಲ್ಲ.

ಸಾರ್ ಗಾಡಿಗೆ ಇದನ್ನ ಹಾಕೋಕೆ ಅಲ್ಲಿನ ಹುಡುಗ್ರು ಅರ್ಧ ದಿನ ತಗೊಂಡ್ರಂತೆ. ಡಬ್ಬ ಡಿಕ್ಕೀಲಿ, ಕೇಬಲ್ ಕಾರ್ಪೆಟ್ ಕೆಳಗೆ, ಹ್ಯಾಂಡ್‌ಸೆಟ್ ಗೇರ್ ಪಕ್ಕ. ಹಾರ್ನ್‌ಗೂ ಒಂದು ರಿಲೇ ಕೊಟ್ಟಿದ್ರಂತೆ, ಗಾಡಿ ನಿಲ್ಸಿ ದೂರ ಹೋಗಿದ್ದಾಗ ಫೋನ್ ಬಂದ್ರೆ ಹಾರ್ನ್ ಹೊಡ್ಕೊಳ್ಳುತ್ತೆ. ಎಲ್ಲಾ ಮುಗಿದ ಮೇಲೆ ಡೀಲರ್ ಅಂಗಡಿ ಒಳಗಿಂದ ಲ್ಯಾಂಡ್‌ಲೈನಲ್ಲಿ ಆ ನಂಬರ್ ತಿರುಗಿಸಿದ, ಹೊರಗೆ ನಿಂತಿದ್ದ ಕಾರು ಹಾರ್ನ್ ಹೊಡೀತು. "ಅವತ್ತು ಅನ್ನಿಸ್ತಪ್ಪ, ನನ್ನ ಕಾರಿಗೆ ಯಾರೋ ಹೆಸರಿಟ್ಟು ಕರೆದ ಹಾಗೆ" ಅಂದ್ರು ಸಾರ್. ಅಲ್ಲಿಂದ ಸೀದಾ ಅಮ್ಮನಿಗೆ ಫೋನ್ ಮಾಡೋಣ ಅಂದ್ರೆ ಜಯನಗರದ ಮನೇಲಿ ಫೋನೇ ಇರ್ಲಿಲ್ಲ, ಎದುರು ಮನೆಯವ್ರ ಪಿ.ಪಿ. ನಂಬರಿಗೆ ಮಾಡಿ, ಅಮ್ಮ ಸೆರಗಲ್ಲಿ ಕೈ ಒರೆಸ್ಕೊಂಡು ಓಡಿ ಬರೋ ತನಕ ಕಾರಲ್ಲಿ ಡಾಲರ್ ಲೆಕ್ಕದಲ್ಲಿ ಕಾದ್ರಂತೆ. ಎಲ್ಲಿಂದ ಮಾತಾಡ್ತಿದ್ದೀಯೋ ಅಂತ ಅಮ್ಮ ಕೇಳಿದ್ರು, ಕಾರಿಂದ ಅಂದಾಗ ನಂಬ್ಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಆ ಡಬ್ಬಕ್ಕೆ ಬೆಂಗಳೂರಲ್ಲಿ ಜೀವ ಕೊಡೋಕೆ ಸಾಧ್ಯವೇ ಇರ್ಲಿಲ್ಲ. ಅದು ಮಾತಾಡೋದು 824ರಿಂದ 849 ಮೆಗಾಹರ್ಟ್ಜ್‌ನಲ್ಲಿ, ಇಲ್ಲಿಗೆ ಬಂದಿದ್ದು ಜಿಎಸ್ಎಂ ಅನ್ನೋ ಬೇರೆ ಮೊಬೈಲ್ ಪದ್ಧತಿ, ಅದರ ಟವರ್‌ಗಳು ಕೇಳಿಸ್ಕೊಳ್ಳೋದು 890ರಿಂದ 915ರಲ್ಲಿ. ಅದು ಎಫ್ಎಂ ರೇಡಿಯೋ ಥರ ಮಾತನ್ನ ಹಾಗ್ಹಾಗೇ ಕಳಿಸುತ್ತೆ, ಒಬ್ಬರಿಗೆ 30 ಕಿಲೋಹರ್ಟ್ಜ್‌ನ ಒಂದು ದಾರಿ, ಮಾತು ಮುಗಿಯೋ ತನಕ ಅದು ಅವರದ್ದೇ. ಜಿಎಸ್ಎಂನಲ್ಲಿ ಮಾತು ಅಂಕಿಗಳಾಗಿ ಹೋಗುತ್ತೆ, 200 ಕಿಲೋಹರ್ಟ್ಜ್‌ನ ಒಂದು ದಾರೀಲಿ ಎಂಟು ಜನ ಸರದಿ ಪ್ರಕಾರ ಮಾತಾಡ್ತಾರೆ. ಇವೆಲ್ಲ ಬಿಡಿ, ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾವ ತೋರ್ಸಿದ್ದು. "ಇದರಲ್ಲಿ ಸಿಮ್ ಹಾಕೋ ಜಾಗ ಎಲ್ಲಿದೆ ತೋರ್ಸು ನೋಡೋಣ" ಅಂದ್ರು. ಇರ್ಲಿಲ್ಲ.

ಆ ಕ್ಷಣದಲ್ಲಿ ನನಗೆ ಸಿಮ್ ಅನ್ನೋದು ಎಷ್ಟು ದೊಡ್ಡ ಯೋಚನೆ ಅಂತ ಅರ್ಥ ಆಯ್ತು. ಅಲ್ಲೀತನಕ ನಾನು ದಿನಾ ಸಿಮ್ ನೋಡ್ತಿದ್ದೆ, ಕೆಲವು ಮಾಡೆಲ್ಲಿಗೆ ಎಟಿಎಂ ಕಾರ್ಡಿನಷ್ಟೇ ಉದ್ದದ್ದು ಬರ್ತಿತ್ತು, ಅದನ್ನ ತಳ್ಳಿ ಫೋನ್ ಆನ್ ಮಾಡೋದು, ಅಷ್ಟೇ ಗೊತ್ತಿತ್ತು. ಶಿಕಾಗೋದಲ್ಲಿ ನಂಬರ್ ಇದ್ದಿದ್ದು ಡಿಕ್ಕಿ ಒಳಗಿನ ಡಬ್ಬದ ಒಳಗಿನ ಚಿಪ್‌ನಲ್ಲಿ. ಕಾರ್ ಮಾರಿದ್ರೆ ಡಬ್ಬ ಕಿತ್ಕೋಬೇಕು, ಡಬ್ಬ ಕೆಟ್ರೆ ಮತ್ತೆ ಡೀಲರ್ ಹತ್ರ ಓಡಬೇಕು. ಇಲ್ಲಿ ಗುರುತು ಬೇರೆ, ಯಂತ್ರ ಬೇರೆ. ಇನ್ನೂ ಸೂಕ್ಷ್ಮ ಏನಂದ್ರೆ ನಿಮ್ಮ ಫೋನ್ ನಂಬರ್ ಸಿಮ್‌ನಿಂದ ನಡೆಯೋದೂ ಅಲ್ಲ. ಸಿಮ್‌ನಲ್ಲಿರೋದು ಬೇರೆ ಒಂದು ಗುರುತಿನ ಸಂಖ್ಯೆ ಮತ್ತೆ ಒಂದು ಗುಟ್ಟಿನ ಕೀ. ಈ ಗುರುತಿನ ಸಂಖ್ಯೆಗೆ ಈ ಫೋನ್ ನಂಬರ್ ಅಂತ ಜೋಡಿ ಮಾಡಿರೋದು ಕಂಪನಿಯ ರಿಜಿಸ್ಟರ್‌ನಲ್ಲಿ. ಆ್ಯಕ್ಟಿವೇಶನ್ ಅಂದ್ರೆ ಆ ರಿಜಿಸ್ಟರ್‌ನಲ್ಲಿ ಒಂದು ಸಾಲು ಬರೆಯೋದು, ಸಿಮ್ ಕಳೆದ್ರೆ ಹೊಸ ಸಿಮ್‌ನ ಗುರುತನ್ನ ಅದೇ ನಂಬರಿನ ಮುಂದೆ ಬರ್ಕೋತಾರೆ, ಮುಗೀತು.

ಭದ್ರತೆ ವಿಷಯದಲ್ಲೂ ಅಷ್ಟೇ. ಹಳೇ ಕಾರ್ ಫೋನು ಪ್ರತಿ ಕರೆಗೂ ತನ್ನ ನಂಬರನ್ನೂ ಸೀರಿಯಲ್ ನಂಬರನ್ನೂ ಗಾಳೀಲಿ ಕೂಗಿ ಹೇಳ್ತಿತ್ತು. ಹೈವೇ ಪಕ್ಕ ರಿಸೀವರ್ ಇಟ್ಕೊಂಡು ಕೂತ ಕಳ್ಳರು ಆ ಜೋಡಿ ಕದ್ದು ಇನ್ನೊಂದು ಫೋನಿಗೆ ತುಂಬಿದ್ರೆ ಬಿಲ್ ಬರೋದು ಪಾಪ ಅಸಲಿ ಓನರಿಗೆ. ಅಮೆರಿಕದಲ್ಲಿ ತೊಂಬತ್ತರ ದಶಕದಲ್ಲಿ ಇದು ದೊಡ್ಡ ಪಿಡುಗು. ಸಿಮ್ ಹಂಗೆ ಮಾಡಲ್ಲ. ನೆಟ್‌ವರ್ಕ್ ಒಂದು ಯಾವುದೋ ಸಂಖ್ಯೆ ಕಳಿಸುತ್ತೆ, ಸಿಮ್ ತನ್ನ ಕೀ ಬಳಸಿ ಲೆಕ್ಕ ಮಾಡಿ ಉತ್ತರ ಮಾತ್ರ ಹೇಳುತ್ತೆ, ಕೀ ಯಾವತ್ತೂ ಹೊರಗೆ ಬರಲ್ಲ.

ಸಾರ್‌ಗೆ ಇದನ್ನೆಲ್ಲ ಹೇಳಿದೆ. ಬೇಜಾರಾದ್ರು, ಆದ್ರೆ ಅರ್ಥ ಮಾಡ್ಕೊಂಡ್ರು. ಕೊನೆಗೆ ಒಂದು ಹೊಸ ಜಿಎಸ್ಎಂ ಸೆಟ್ಟು, ಕಾರ್ ಕಿಟ್ಟು ತಗೊಂಡ್ರು. ಫಾರಂ ತುಂಬಿ, ಫೋಟೋ ಅಂಟ್ಸಿ, ವಿಳಾಸದ ದಾಖಲೆ ಕೊಟ್ಟು, ಡೆಪಾಸಿಟ್ ಕಟ್ಟಿ ಸಿಮ್ ತಂದ್ರು. ಕಿಟ್ ನಾನೇ ಹಾಕಿದೆ, ಅವರ ಹಳೇ ಹ್ಯಾಂಡ್‌ಸೆಟ್ ಇದ್ದ ಹಾಗೇ ಗೇರ್ ಪಕ್ಕ ಹೋಲ್ಡರ್ ಬರೋ ಥರ. ಸಂಜೆ ತನಕ ಸ್ಕ್ರೀನಲ್ಲಿ ಕಂಪನಿ ಹೆಸರು ಬರ್ಲಿಲ್ಲ, ಇಬ್ಬರೂ ಕಾರಲ್ಲೇ ಕೂತು ಬೈಟು ಕಾಫಿ ಕುಡೀತಾ ಕಾದ್ವಿ. ಹೆಸರು ಬಂದ ತಕ್ಷಣ ಸಾರ್ ಮನೆಗೆ ಹಚ್ಚಿದ್ರು, ಅಷ್ಟೊತ್ತಿಗೆ ಅವರ ಮನೇಲಿ ಲ್ಯಾಂಡ್‌ಲೈನ್ ಬಂದಿತ್ತು. "ಅಮ್ಮ, ಕಾರಿಂದ ಮಾತಾಡ್ತಿದ್ದೀನಿ" ಅಂದ್ರು. ಕೆಂಗೇರಿ ದಾಟಿದ್ರೆ ಸಿಗ್ನಲ್ ಕಡ್ಡಿ ಒಂದೊಂದೇ ಉದುರೋ ಕಾಲ ಅದು, ಜೆ.ಸಿ. ರೋಡಲ್ಲಿ ಮಾತ್ರ ಸೊಗಸಾಗಿ ಕೇಳಿಸ್ತು.

ನಾವು ಆ ಚಿಪ್ ಸುಡೋ ಕಾಲವನ್ನ ದಾಟಿಬಿಟ್ವಿ ಅಂತ ಖುಷಿಯಾಗಿದ್ದೆ, 2003ರಲ್ಲಿ ಅದು ಇನ್ನೊಂದು ವೇಷದಲ್ಲಿ ಬಂತು. ಆ ವರ್ಷ ಎರಡು ದೊಡ್ಡ ಸಂಗತಿ ಆಯ್ತು, ಬಂದ ಕರೆಗೆ ದುಡ್ಡು ಕೊಡೋದು ತಪ್ತು, ರಿಲಯನ್ಸ್‌ನೋರು 501 ರೂಪಾಯಿ ಕಟ್ಟಿ ಫೋನ್ ತಗೊಳ್ಳಿ ಅಂದ್ರು. ಆಟೋ ಡ್ರೈವರ್, ಹೂವಿನೋರು, ತರಕಾರಿ ಗಾಡಿಯೋರು ಎಲ್ಲರ ಕೈಗೂ ಫೋನ್ ಬಂದಿದ್ದು ಆಗ್ಲೇ, ಅದು ಸಣ್ಣ ಮಾತಲ್ಲ. ರಿಲಯನ್ಸ್‌ದು ಜಿಎಸ್ಎಂ ಅಲ್ಲ, ಸಿಡಿಎಂಎ ಅನ್ನೋ ಬೇರೆ ಪದ್ಧತಿ, 800 ಮೆಗಾಹರ್ಟ್ಜ್ ಪಟ್ಟಿ, ಸಾರ್ ಡಬ್ಬದ್ದೇ ಪಟ್ಟಿ. ಆ ಸೆಟ್‌ಗಳಿಗೂ ಸಿಮ್ ಇರ್ಲಿಲ್ಲ, ನಂಬರನ್ನ ಹ್ಯಾಂಡ್‌ಸೆಟ್ಟಿಗೇ ಬರೀತಿದ್ರು, ಸೀರಿಯಲ್ ನಂಬರಿಗೂ ಇಎಸ್ಎನ್ ಅಂತಲೇ ಹೆಸರು. ಒಬ್ಬ ಆಟೋ ಡ್ರೈವರ್ ಬಂದು ಅಣ್ಣ ಸೆಟ್ ಒಡೆದೋಯ್ತು ನಂಬರ್ ಬೇರೆ ಸೆಟ್ಟಿಗೆ ಹಾಕ್ಕೊಡಣ್ಣ ಅಂದಾಗ ಇದು ಹಂಗೆಲ್ಲ ಕಿತ್ತು ಹಾಕೋಕೆ ಬರಲ್ಲ ಅಂತ ಹೇಳೋಕೆ ನನಗೆ ಬಹಳ ಸಂಕಟ ಆಗ್ತಿತ್ತು, ಯಾಕಂದ್ರೆ ಅವನ ಬಾಡಿಗೆ ಗಿರಾಕಿಗಳೆಲ್ಲ ಆ ನಂಬರಲ್ಲೇ ಇದ್ರು. ಕಡಿಮೆ ದುಡ್ಡಿಗೆ ಫೋನ್ ಸಿಕ್ತು ಸರಿ, ಆದ್ರೆ ನಂಬರ್ ಮತ್ತೆ ಡಬ್ಬಕ್ಕೆ ಅಂಟ್ಕೊಳ್ತು. ಕಂಪನಿ ಬದಲಾಯಿಸಿದ್ರೂ ನಂಬರ್ ಉಳಿಸ್ಕೊಳ್ಳೋ ಹಕ್ಕು ದೇಶಕ್ಕೆಲ್ಲ ಬಂದಿದ್ದು 2011ರ ಜನವರೀಲಿ. ನನ್ನ ಮಟ್ಟಿಗೆ ನಂಬರ್ ನಂದು ಅಂತ ಹೇಳ್ಕೊಳ್ಳೋ ಅರ್ಥ ಬಂದಿದ್ದೇ ಅವತ್ತು.

ಈಗ ನಂದೇ ಸಣ್ಣ ಅಂಗಡಿ ಇದೆ. ಮೊನ್ನೆ ಮೊನ್ನೆ ಒಬ್ಬರು ಹಳೇ ಕಾರ್ ಕೊಂಡ್ಕೊಂಡೋರು ಮ್ಯೂಸಿಕ್ ಸಿಸ್ಟಂ ತೊಂದ್ರೆ ಅಂತ ಬಂದಿದ್ರು. ಇಂಟರ್ನೆಟ್ ಕಾರು, ಒಳಗೆ ಬಿಚ್ಚೋಕಾಗದ ಇ-ಸಿಮ್. ನಿಮ್ಮ ಕಾರಿಗೆ ಒಂದು ನಂಬರ್ ಇದೆ ಗೊತ್ತಾ ಸಾರ್ ಅಂದ್ರೆ ಅವರಿಗೆ ಗೊತ್ತೇ ಇಲ್ಲ. ಯಂತ್ರಗಳು ಯಂತ್ರಗಳ ಜೊತೆ ಮಾತಾಡೋ ಸಿಮ್‌ಗಳಿಗೆ 2018ರಿಂದ ನಮ್ಮ ದೇಶದಲ್ಲಿ ಹದಿಮೂರು ಅಂಕಿಯ ನಂಬರ್ ಸರಣಿ ಮಾಡಿದ್ದಾರೆ, ಕಾರಿನ ನಂಬರ್ ಅಂಥದ್ದು. ಶಿಕಾಗೋ ಸಾರ್‌ಗೆ ತಮ್ಮ ಕಾರಿನ ನಂಬರ್ ಬಾಯಿಪಾಠ ಇತ್ತು, ಚಿಪ್ ಯಾರು ಸುಟ್ರು ಅಂತಲೂ ಗೊತ್ತಿತ್ತು. ಈಗಿನ ಓನರಿಗೆ ನಂಬರೂ ಗೊತ್ತಿಲ್ಲ, ಅದು ಯಾರ ಹೆಸರಲ್ಲಿ ಎದ್ದಿದೆ ಅಂತಲೂ ಗೊತ್ತಿಲ್ಲ. ಮೊದಲ ಓನರ್ ಮೊಬೈಲ್ ಆ್ಯಪ್ ಇನ್ನೂ ಆ ಕಾರಿಗೆ ಜೋಡಿಸ್ಕೊಂಡೇ ಇದ್ರೆ, ನಿಮ್ಮ ಗಾಡಿ ಎಲ್ಲಿ ನಿಂತಿದೆ ಅಂತ ಅವರು ಮನೇಲಿ ಕೂತು ನೋಡಬಹುದು. ನಾನು ಇದನ್ನ ಬಂದ ಗಿರಾಕಿಗಳಿಗೆಲ್ಲ ಹೇಳ್ತಿದ್ದೀನಿ, ನಿಮಗೂ ಹೇಳ್ತೀನಿ: ಅಂಥಾ ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡ್ರೆ ಆರ್.ಸಿ. ಹೆಸರು ಬದಲಾಯಿಸೋ ದಿನವೇ ಶೋರೂಮಿಗೆ ಹೋಗಿ ಹಳೇ ಅಕೌಂಟ್ ತೆಗೆಸಿ ನಿಮ್ಮ ಹೆಸರಿಗೆ ಹೊಸದಾಗಿ ಆ್ಯಕ್ಟಿವೇಟ್ ಮಾಡಿಸ್ಕೊಳ್ಳಿ, ಮಾರೋದಾದ್ರೆ ಕೀ ಕೊಡೋಕೆ ಮುಂಚೆ ನಿಮ್ಮ ಆ್ಯಪ್‌ನಿಂದ ಗಾಡಿ ತೆಗೆದುಹಾಕಿ. ಮೊನ್ನೆ ಬಂದಿದ್ದ ಸಾರ್‌ನ ನಾನು ಹಂಗೇ ಶೋರೂಮಿಗೆ ಕಳಿಸಿದೆ, ಮ್ಯೂಸಿಕ್ ಸಿಸ್ಟಂ ಆಮೇಲೆ ನೋಡೋಣ ಅಂದೆ.